ಕಟ್ಟಿಗೆ ಕ್ರಯದ ಮಂಚ

ಗಿರಿಜಾ, ನಿನ್ನ ಅಪ್ಪ ಒಂದು ಮಾತೂ ಹೇಳದೆ ಹೋದರು ಎಂಬುದು ಸುಳ್ಳು. ಹೇಳಿದ್ದರು. ಬುದ್ಧಿ ನೆಟ್ಟಗಿರುವಾಗಲೇ, ನಿನ್ನ ಹೆಸರು ಹಿಡಿದೇ ಹೇಳಿದ್ದರು— ನನ್ನ ಹತ್ತಿರ. ಅವರ ಉತ್ತರಕ್ರಿಯೆಯ ದಿನ, ಬೊಜ್ಜದ ಊಟ ಮುಗಿದ ಮೇಲೆ ಕುಟುಂಬದ ಮನೆಯ ಚಾವಡಿಯಲ್ಲಿ ಎಲ್ಲರೂ ಕೂತಿದ್ದಾಗ ದೊಡ್ಡ ಮಾವ ಕೇಳಿದರು, ನಾನು ಇಲ್ಲ ಎಂದೆ. ಆ ‘ಇಲ್ಲ’ದಿಂದಾಗಿ ನಿಮ್ಮ ಮನೆಯ ಮಂಚ, ಬೆಂಚು, ಕಪಾಟು ಗಾಡಿಯೇರಿ ನಮ್ಮ ಕುಟುಂಬದ ಮನೆಗೆ ಬಂದವು. ಮರ ಹೋಗಲಿ, ಮರ ಇನ್ನೂ ಸಿಕ್ಕೀತು. ಆದರೆ ಸಾಯುವಾಗ ಅಪ್ಪನಿಗೆ ನಮ್ಮ ನೆನಪೇ ಆಗಲಿಲ್ಲ ಎಂದು ನೀನು ಇಷ್ಟು ವರ್ಷ ನಂಬಿದೆಯಲ್ಲ, ನಿನ್ನ ಅಮ್ಮ ಅದನ್ನೇ ನಂಬಿ ಕಣ್ಣು ಮುಚ್ಚಿದರಲ್ಲ— ಅದು ನನ್ನ ಕೆಲಸ.

ಹೇಗೆ ಶುರು ಮಾಡಲಿ? ನೀನು ಆಗ ಚಿಕ್ಕವಳು, ಕೆಲವು ನಿನಗೆ ನೆನಪಿರಲಿಕ್ಕಿಲ್ಲ. ನಾನು ಊರಿನಿಂದ ಮಂಗಳೂರಿಗೆ ಬಂದು, ಬಂದರಿನ ಒಂದು ಮಂಡಿಯಲ್ಲಿ ಗುಮಾಸ್ತನಾಗಿ ಸೇರಿ, ಬೋಳಾರದ ನಿಮ್ಮ ಬಾಡಿಗೆ ಮನೆಯಲ್ಲೇ ಬಿಡಾರ ಹೂಡಿದವನು. ಹಕ್ಕಿನಿಂದಲೇ ಬಂದೆ. ನಿನ್ನ ಅಪ್ಪ ನನ್ನ ತಾಯಿಯ ತಮ್ಮ, ನನಗೆ ಸೋದರಮಾವ. ಹಂಚಿನ ಕಾರ್ಖಾನೆಯಲ್ಲಿ ಕಾರಕೂನರಾಗಿದ್ದರು, ಬಿಳಿ ಅಂಗಿ, ಕಿವಿಯ ಸಂದಿಯಲ್ಲಿ ಪೆನ್ಸಿಲು. ನಿನ್ನ ಅಮ್ಮ— ನನ್ನ ಮಾಮಿ— ನನಗೆ ಬಡಿಸಿದ ಅನ್ನಕ್ಕೆ ಒಂದು ದಿನವೂ ಮುಖ ಸಣ್ಣ ಮಾಡಿದವರಲ್ಲ. ಉಂಡ ಮನೆಯ ಜಂತೆ ಎಣಿಸಿದವನು ಎನ್ನುತ್ತಾರಲ್ಲ, ಅವನಾದರೂ ಎಣಿಸಿ ಸುಮ್ಮನಾದ.

ಆ ಮನೆಯಲ್ಲಿ ಕೂರಲಿಕ್ಕೆ ಮಣೆ, ಮಲಗಲಿಕ್ಕೆ ಚಾಪೆ, ಅಷ್ಟೇ. ಹೊಳೆ ಬದಿಯ ತಗ್ಗಿನ ಜಾಗ, ಮಳೆಗಾಲ ಬಂತೆಂದರೆ ನೆಲವೆಲ್ಲ ಬೆವರುತ್ತಿತ್ತು. ನಿನ್ನ ತಮ್ಮ ಚಂದುವಿಗೆ ದಮ್ಮು. ಮಗುವನ್ನು ನೆಲದಲ್ಲಿ ಮಲಗಿಸಬೇಡಿ ಎಂದು ವೈದ್ಯರು ಹೇಳಿದ ದಿನ ಮಾವ ಪೇಟೆಗೆ ಹೋಗಿ ಮಂಚದ ಕ್ರಯ ಕೇಳಿ ಬಂದರು. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, “ಆ ಕ್ರಯಕ್ಕೆ ಮಂಚ ಎಂತಕ್ಕೆ ಮಾರಾಯ, ಮಂಚದಲ್ಲಿ ಮಲಗುವ ಅರಸನನ್ನೇ ಕರ್ಕೊಂಡು ಬರ್ಬಹುದು” ಎಂದರು. ಆಮೇಲೆ ನಕ್ಕರು. ಆಮೇಲೆ ನಗು ನಿಲ್ಲಿಸಿ, “ನಾನೇ ಮಾಡ್ತೇನೆ” ಎಂದರು.

ಉಳಿ ಹಿಡಿದು ಗೊತ್ತಿದ್ದ ಮನುಷ್ಯನಲ್ಲ! ಕಾರ್ಖಾನೆಯ ಹಂಚು ಸುಡುವ ಗೂಡಿನಲ್ಲಿ ಉರಿಸಲು ಹೊಳೆಯ ದಾರಿಯಾಗಿ ದೋಣಿಗಟ್ಟಲೆ ಕಟ್ಟಿಗೆ ಬರುತ್ತಿತ್ತು. ಆ ರಾಶಿಯಲ್ಲಿ ಒಮ್ಮೊಮ್ಮೆ ನೆಟ್ಟಗಿನ ಹಲಸಿನ ಕೊರಡು ಇರುತ್ತಿತ್ತು. ಬೆಂಕಿಗೆ ಹೋಗುವ ಮೊದಲು ಅಂಥದ್ದನ್ನು ಆರಿಸಿ, ಮೇಸ್ತ್ರಿಗೆ ಕಟ್ಟಿಗೆಯ ಕ್ರಯ ಕೊಟ್ಟು, ಬಿಳಿ ಅಂಗಿಯ ಹೆಗಲ ಮೇಲೆ ಬೈರಾಸು ಹಾಸಿ ಹೊತ್ತು ತರುತ್ತಿದ್ದರು. ಬಂದರಿನಲ್ಲಿ ಹಳೆಯ ಹಾಯಿಹಡಗು ಒಡೆಯುವ ಸುದ್ದಿಯನ್ನು ನಾನು ತರುತ್ತಿದ್ದೆ, ಅಲ್ಲಿಂದ ಹಲಗೆ ಬಂತು. ಆ ಹಲಗೆಗೆ ಮೀನೆಣ್ಣೆಯ ವಾಸನೆ. ದಾರಿಯಲ್ಲಿ ನೆರೆಯವರು, “ಎಂತ ತ್ಯಾಂಪಣ್ಣ, ಕಾರಕೂನಿಕೆ ಬಿಟ್ಟು ಕಟ್ಟಿಗೆ ವ್ಯಾಪಾರವಾ?” ಎಂದರೆ, “ಹೌದು, ನಿಮಗೆ ಬೇಕಾದಾಗ ಹೇಳಿ, ಮನೆಗೇ ತಂದು ಹಾಕ್ತೇನೆ” ಎನ್ನುತ್ತಿದ್ದರು. ಅದು ಚಿತೆಯ ಕಟ್ಟಿಗೆಯ ಮಾತೆಂದು ಹೊಳೆದ ಮೇಲೆ ಅವರು ದಾರಿ ಬಿಡುತ್ತಿದ್ದರು.

ಮೊದಲು ಮಾಡಿದ ಬೆಂಚು ಕುಂಟ. ಒಂದು ಕಾಲು ಗಿಡ್ಡವಾಯಿತೆಂದು ಉಳಿದ ಮೂರನ್ನು ಕೊಯ್ದರು. ಆಗ ಬೇರೊಂದು ಗಿಡ್ಡವಾಯಿತು. ಮತ್ತೆ ಕೊಯ್ದರು. ಹೀಗೇ ಬಿಟ್ಟರೆ ಬೆಂಚು ಮಣೆಯಾದೀತು ಎಂದು ಮಾಮಿ ಗರಗಸ ಕಸಿದುಕೊಂಡು, ಗಿಡ್ಡ ಕಾಲಿನ ಅಡಿಗೆ ಒಂದು ಹಂಚಿನ ಚೂರು ದೂಡಿದರು. ನೀನೂ ಚಂದುವೂ ನೆಲದಲ್ಲಿ ಬಿದ್ದು ನಗಾಡಿದಿರಿ. ನಾನೂ ನಕ್ಕೆ. ಆ ನಗುವಿನಲ್ಲಿ ವಿಷ ಇರಲಿಲ್ಲ— ಇನ್ನೂ ಇರಲಿಲ್ಲ.

ಆಮೇಲೆ ಮಂಚ. ಹೊರಗೆ ಮಳೆಯೆಂದು ಒಳಕೋಣೆಯಲ್ಲೇ ಕೂತು ಮಾಡಿದರು. ಭಾನುವಾರಗಳಂದು ಗರಗಸದ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ನನ್ನ ಕೈಯಲ್ಲಿ. ಮೊಳೆಗೆ ದುಡ್ಡು ಯಾಕೆಂದು ತೂತು ಕೊರೆದು, ಹಲ್ಲು ಕೂರಿಸಿ, ಬೆಣೆ ಬಡಿದು ಬಿಗಿ ಮಾಡಿದರು. ಎಲ್ಲ ಮುಗಿದು ಮಾವ ಎದ್ದು ನಿಂತ ಮೇಲೆ ಮಾಮಿ ಬಾಗಿಲನ್ನು ನೋಡಿದರು, ಮಂಚವನ್ನು ನೋಡಿದರು. ಅಡ್ಡಕ್ಕೂ ಉದ್ದಕ್ಕೂ ಹೇಗೆ ತಿರುಗಿಸಿದರೂ ಅದು ಆ ಬಾಗಿಲಿನಿಂದ ಹೊರಗೆ ಹೋಗುವ ಹಾಗಿರಲಿಲ್ಲ. ಮಾವ ತಲೆ ಕೆರೆದುಕೊಂಡು, “ಹೊರಗೆ ಯಾಕೆ ಹೋಗ್ಬೇಕು? ಮಂಚಕ್ಕೆ ಪೇಟೆಯಲ್ಲಿ ಕೆಲಸ ಉಂಟಾ?” ಎಂದರು. ಆ ಮಳೆಗಾಲ ಚಂದು ಕೆಮ್ಮದೆ ಮಲಗಿದ. ನೀನು ಅವನ ಕಾಲ ಬುಡದಲ್ಲಿ.

ಈಗ ಹೇಳಬೇಕಾದದ್ದು ಹೇಳಲಿಕ್ಕೆ ನಾಚಿಕೆಯಾಗುತ್ತದೆ. ಮಂಚ ಚಂದುವಿಗೆ. ಓದುವ ಪುಟ್ಟ ಮೇಜು ನಿನಗೆ. ಕಪಾಟು ಮಾಮಿಗೆ. ನನಗೆ? ಗರಗಸದ ತುದಿ. ನಾನು ಚಾಪೆಯಲ್ಲೇ ಮಲಗುತ್ತಿದ್ದೆ. ನಮ್ಮ ಅಳಿಯಕಟ್ಟು ನಿನಗೆ ಗೊತ್ತೇ ಇದೆ— ಗಂಡಸಿನದ್ದು ಅವನ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. ಮಾವ ನಿನ್ನವರು, ಮಾವನದ್ದು ನಿನ್ನದು ಎಂದು ನನಗೆ ತೊಟ್ಟಿಲಿನಲ್ಲೇ ಕಿವಿಯಲ್ಲಿ ಊದಿದ್ದರು. ಅಂಥ ನನ್ನ ಮಾವ, ಹೆಗಲು ಕೆಂಪಾಗುವ ಹಾಗೆ ಮರ ಹೊತ್ತು ತಂದು, ನನ್ನ ಕಣ್ಣೆದುರೇ ತನ್ನ ಮಕ್ಕಳಿಗೆ ಒಂದೊಂದಾಗಿ ಮಾಡಿ ಕೊಡುತ್ತಿದ್ದರು. ಕೇಳಿದ್ದರೆ ನನಗೂ ಮಾಡಿ ಕೊಡುತ್ತಿದ್ದರು, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಕೇಳಲಿಲ್ಲ. ಮೀಸೆ ಬಂದ ಗಂಡಸು, ಎಂಟು ವರ್ಷದ ಹುಡುಗಿಯ ಮೇಜನ್ನು ನೋಡಿ ಹೊಟ್ಟೆಕಿಚ್ಚು ಪಟ್ಟೆ. ಥೂ!

ಮುಂದಿನ ವರ್ಷ ಮಾವನಿಗೆ ಜ್ವರ ಬಂತು, ಇಳಿಯಲೇ ಇಲ್ಲ. ಒಂದು ಸಂಜೆ ಮಾಮಿ ಕಷಾಯಕ್ಕೆ ಒಳಗೆ ಹೋಗಿದ್ದಾಗ ನನ್ನನ್ನು ಹತ್ತಿರ ಕರೆದರು. ಕೈ ಹಿಡಿದುಕೊಂಡರು, ಕೈ ಸುಡುತ್ತಿತ್ತು.

“ದೂಮ, ನೋಡು. ಕುಟುಂಬದ್ದು ಕುಟುಂಬಕ್ಕೆ, ಅದರಲ್ಲಿ ನನ್ನದು ಎರಡು ಮಾತಿಲ್ಲ. ಈ ಮನೆಯಲ್ಲಿ ನಾನು ಮಾಡಿದ್ದೆಲ್ಲ ಮಕ್ಕಳಿಗೆ, ಅವರ ತಾಯಿಗೆ. ಅದರಲ್ಲಿ ಕುಟುಂಬದ್ದು ಒಂದು ಕಾಸು ಇಲ್ಲ, ನಿನಗೇ ಗೊತ್ತುಂಟಲ್ಲ. ಅವಳು ಹೇಳಿದ್ರೆ ಅಣ್ಣ ನಂಬುವುದಿಲ್ಲ. ನೀನು ಹೇಳಿದ್ರೆ ಎದುರು ಮಾತಾಡುವವರು ಯಾರೂ ಇಲ್ಲ.”

ನಾನು ಹೂಂ ಎಂದೆ. ಅವರು ಮತ್ತೆ ಹೇಳಿದರು. “ಗಿರಿಜೆ ಕಪಾಟಿಗೆ ಬಾಗಿಲು ಕೇಳ್ತಾ ಇತ್ತು. ಅಪ್ಪ ಮರೆತ ಅಂತ ಎಣಿಸ್ಬಾರ್ದು ಮಗು. ಹಲಗೆ ಅಟ್ಟದಲ್ಲಿ ಒಣಗ್ತಾ ಉಂಟು. ನೀನು ಹಾಕಿ ಕೊಡು.”

ಅದಕ್ಕೂ ಹೂಂ ಎಂದೆ.

ಇಷ್ಟು, ಗಿರಿಜಾ. ನಿನಗೆ ಸೇರಬೇಕಾದ ಮಾತು ಇಷ್ಟು. ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾನು ಉಂಡೆ, ಮಲಗಿದೆ, ಮದುವೆಯಾದೆ, ಮಕ್ಕಳ ತಂದೆಯಾದೆ.

ಬೊಜ್ಜದ ದಿನ ದೊಡ್ಡ ಮಾವ— ಕುಟುಂಬದ ಯಜಮಾನರು, ನಿನ್ನ ಅಪ್ಪನ ಅಣ್ಣ— ವೀಳ್ಯ ಜಗಿಯುತ್ತ ಕೇಳಿದರು. “ಹೋಗುವಾಗ ಅವನು ಎಂತಾದರೂ ಹೇಳಿದ್ದಾನಾ? ಕೊಟ್ಟದ್ದು, ಬಿಟ್ಟದ್ದು?” ಮಾಮಿ ಒಳಬಾಗಿಲಿನ ಹಿಂದೆ ನಿಂತಿದ್ದರು, ಸೀರೆಯ ಅಂಚು ಕಾಣುತ್ತಿತ್ತು. ನನ್ನ ತಾಯಿ ನನ್ನ ಮುಖವನ್ನೇ ನೋಡುತ್ತಿದ್ದರು. ಹೇಳಿದ್ದಾರೆ ಎಂದರೆ ಯಜಮಾನರ ಸಿಟ್ಟು, ತಾಯಿಯ ಸಿಟ್ಟು— ಇಲ್ಲ, ಇದನ್ನು ನೆಪವಾಗಿ ಹೇಳುತ್ತಿಲ್ಲ. ಕಾರಣ ಅದಲ್ಲವೇ ಅಲ್ಲ. ಆ ಹೊತ್ತಿಗೆ ನನ್ನ ತಲೆಯಲ್ಲಿದ್ದದ್ದು ಒಂದೇ. ಬದುಕಿರುವಾಗ ನನ್ನವರಾಗದ ಮಾವ, ಸತ್ತ ಮೇಲಾದರೂ ನನ್ನವರಾಗಲಿ.

“ಎಂತದೂ ಹೇಳ್ಲಿಲ್ಲ” ಎಂದೆ.

ಸೀರೆಯ ಅಂಚು ಸರಿಯಿತು. ಆಚೆ ಮಾತು ಗದ್ದೆಯ ಗೇಣಿಯ ಕಡೆಗೆ ತಿರುಗಿತು.

ಎರಡು ದಿನ ಬಿಟ್ಟು ಗಾಡಿ ತೆಗೆದುಕೊಂಡು ಬೋಳಾರಕ್ಕೆ ಬಂದೆ. ಬೆಂಚು, ಮೇಜು, ಕಪಾಟು ಹೊರಗೆ ಬಂದವು. ಅಟ್ಟದಲ್ಲಿ ಒಣಗುತ್ತಿದ್ದ ಹಲಗೆಯನ್ನೂ ಬಿಡಲಿಲ್ಲ. ಮಂಚ ಬಾಗಿಲಿನಲ್ಲಿ ಸಿಕ್ಕಿಕೊಂಡಿತು. ಬೆಣೆ ಬಿಚ್ಚಲು ನೋಡಿದೆ, ಆ ಮನುಷ್ಯ ಬಡಿದ ಬೆಣೆ ಬಿಚ್ಚುವಂಥದ್ದಲ್ಲ. ಬಾಗಿಲಿನ ದಾರಂದ ಕೀಳಬೇಡಿ ಎಂದು ಮನೆಯ ಧಣಿ ಕೂಗಿದ. ಹಾಗೇ ಬಿಟ್ಟು ಬರಬಹುದಿತ್ತು. ಮಂಚವೇ ನನ್ನನ್ನು ತಡೆದು ನಿಲ್ಲಿಸಿತ್ತು, ಬುದ್ಧಿ ಬರಲಿಕ್ಕೆ ಅದಕ್ಕಿಂತ ಹೆಚ್ಚು ಏನು ಬೇಕಿತ್ತು? ನಾನು ಮಾವನ ಗರಗಸವನ್ನೇ ಕೈಗೆ ತೆಗೆದುಕೊಂಡೆ.

ಮಾಮಿ ಅಳಲಿಲ್ಲ. “ಕೊಯ್ಯುವುದಾದ್ರೆ ಕೊಯ್ಯಿ ದೂಮ. ಮಕ್ಕಳು ಶಾಲೆಯಿಂದ ಬರುವ ಮೊದಲು ಮುಗಿಸು” ಎಂದರು.

ಕೊಯ್ದೆ. ಹಲಸಿನ ಹಳದಿ ಪುಡಿ ಕೋಣೆಯಿಡೀ ಬಿತ್ತು. ಮಾಮಿ ಅದನ್ನು ಗುಡಿಸಿ ಹೊರಗೆ ಚೆಲ್ಲಿ ಬಂದು, ಹೊತ್ತಾಯಿತೆಂದು ನನಗೆ ಗಂಜಿ ಬಡಿಸಿದರು. ಉಂಡೆ. ಮಾನ ಬಿಟ್ಟು ಕೂತು ಉಂಡೆ, ಉಪ್ಪಿನಕಾಯಿಯನ್ನೂ ಕೇಳಿ ಹಾಕಿಸಿಕೊಂಡೆ. ಕೈ ತೊಳೆಯುವಾಗ ಅವರು ಸಣ್ಣ ದನಿಯಲ್ಲಿ ಕೇಳಿದರು.

“ಅವರ ಎದುರು ಹೇಳ್ಲಿಕ್ಕೆ ನಿನಗೆ ಆಗ್ಲಿಲ್ಲವೋ ಏನೋ. ಈಗ ಇಲ್ಲಿ ಯಾರೂ ಇಲ್ಲ. ವಸ್ತು ತಗೊಂಡು ಹೋಗು, ನನಗೆ ಬೇಡ. ಮಕ್ಕಳ ಬಗ್ಗೆ ಒಂದು ಮಾತಾದ್ರೂ ಹೇಳಿದ್ರಾ?”

“ಇಲ್ಲ ಮಾಮಿ” ಎಂದೆ.

ಚಾವಡಿಯ ಸುಳ್ಳಿಗೆ ಹೊಟ್ಟೆಕಿಚ್ಚು ಎಂದಾದರೂ ಹೆಸರಿಡಬಹುದು. ಈ ಸುಳ್ಳಿಗೆ ಹೆಸರೇ ಇಲ್ಲ. ನಿಜ ಹೇಳಿದ್ದರೆ ನನ್ನ ಕೈಯಿಂದ ಒಂದು ಚಕ್ಕೆಯೂ ಹೋಗುತ್ತಿರಲಿಲ್ಲ, ಅವರೇ ತಗೊಂಡು ಹೋಗು ಎಂದಿದ್ದರಲ್ಲ! ಸುಳ್ಳ ಎನಿಸಿಕೊಳ್ಳಬಾರದು ಎಂಬ ಒಂದೇ ಕಾರಣಕ್ಕೆ, ಗಂಡ ಸತ್ತು ತಿಂಗಳಾಗದ ಹೆಂಗಸಿಗೆ ನಿನ್ನ ಗಂಡ ನಿಮ್ಮನ್ನು ನೆನೆಯಲಿಲ್ಲ ಎಂದು ಹೇಳಿ ಗಾಡಿ ಹತ್ತಿದೆ.

ಇನ್ನೂ ಒಂದು ಕಹಿ ಉಂಟು, ಅದನ್ನೂ ಕೇಳು. ನಮ್ಮ ಮನೆಯಲ್ಲಿ ಮಂಚಕ್ಕೆ ಬರಗಾಲವಿರಲಿಲ್ಲ. ಕೆತ್ತನೆಯ ಮಂಚಗಳೇ ಕೋಣೆಗೊಂದರಂತೆ ಇದ್ದವು. ಗಾಡಿಯಿಂದ ಇಳಿಸಿದ್ದನ್ನು ನೋಡಿ ದೊಡ್ಡ ಮಾವ, “ಇದೆಂತದು, ಕಟ್ಟಿಗೆಯಾ?” ಎಂದರು. ಮಂಚದ ತುಂಡುಗಳು ದನದ ಹಟ್ಟಿಗೆ ಹೋದವು, ಅವುಗಳ ಮೇಲೆ ಬೈಹುಲ್ಲು ಒಟ್ಟಿದರು. ಮೇಜು ಸೌದೆಯಾಯಿತು. ಬೆಂಚು, ಬಾಗಿಲಿಲ್ಲದ ಆ ಕಪಾಟು ಎಲ್ಲಿ ಹೋದವೋ. ಬಾಡಿಗೆ ಮನೆ ಬಿಡಬೇಕಾಗಿ ಬಂದು, ಚಂದು ಆ ವರ್ಷದ ಮಳೆಗಾಲವನ್ನು ನಿನ್ನ ಅಮ್ಮನ ತವರಿನ ಜಗಲಿಯಲ್ಲಿ, ನೆಲದ ಮೇಲೆ, ಉಬ್ಬಸದಲ್ಲಿ ಎದ್ದು ಕೂತು ಕಳೆದ. ಯಾರಿಗೂ ಬೇಡದ ಒಂದು ಮಂಚಕ್ಕಾಗಿ.

ಮಾಮಿ ಆಮೇಲೆ ಎಷ್ಟೋ ವರ್ಷ ಬದುಕಿದರು. ಮದುವೆ ಮುಂಜಿಗಳಲ್ಲಿ ಸಿಕ್ಕಾಗ ಒಳ್ಳೆಯದಾ ಎಂದು ಕೇಳುತ್ತಿದ್ದರು. ನಿನ್ನ ಅಪ್ಪನ ಮಾತು ಬಂದರೆ ಮಾತ್ರ ಎದ್ದು ಹೋಗುತ್ತಿದ್ದರು. ಅವರು ಹಾಸಿಗೆ ಹಿಡಿದಾಗ ನೋಡಲು ಬಂದೆ. ಹೇಳಿಬಿಡಬೇಕು ಎಂದೇ ಬಂದೆ. ಹಣ್ಣಿನ ಪೊಟ್ಟಣ ತಲೆದಿಂಬಿನ ಹತ್ತಿರ ಇಟ್ಟು, ಮಳೆಯ ಸುದ್ದಿ ಮಾತಾಡಿ, ಎದ್ದು ಬಂದೆ.

ಮೊನ್ನೆ ಬೇಸಿಗೆಯಲ್ಲಿ ನನ್ನ ಮಗಳ ಮದುವೆಗೆ ಹೇಳಿಕೆ ಕೊಡಲು ಬಿಕರ್ನಕಟ್ಟೆಯ ನಿನ್ನ ಮನೆಗೆ ಬಂದೆನಲ್ಲ. ಗಂಡ, ಮಕ್ಕಳು, ಓರಣದ ಮನೆ ನೋಡಿ ಸಂತೋಷವಾಯಿತು. ಮಾತಿಗೆ ಮಾತು ಬಂದು, ಮಳೆಗಾಲದ ಆಟಿ ತಿಂಗಳಲ್ಲಿ, ಮನೆಯ ತೀರಿಹೋದವರಿಗೆಲ್ಲ ಬಡಿಸುವಾಗ ಅಪ್ಪನಿಗೂ ಎಲೆ ಹಾಕುತ್ತೀಯಲ್ಲ ಎಂದು ಕೇಳಿದೆ. ಬಾಯಿ ತಪ್ಪಿ ಕೇಳಿದೆ. ನೀನು ಕಾಫಿ ಲೋಟ ಕೆಳಗಿಟ್ಟು ಹೇಳಿದೆ. “ಅಮ್ಮನಿಗೆ ಹಾಕ್ತೇನೆ ಭಾವ. ಅವರಿಗೆ ಇಲ್ಲ. ನಮಗೆ ಅಂತ ಒಂದು ಮಾತು ಇಡದವರಿಗೆ ನಾನು ಎಂತಕ್ಕೆ ಎಲೆ ಇಡ್ಬೇಕು? ಅವರು ನಿಮ್ಮ ಕುಟುಂಬದವರು. ನೀವು ಬಡಿಸಿಕೊಳ್ಳಿ.”

ಉಳಿದ ಕಾಫಿ ಕುಡಿದು ಎದ್ದೆ. ಆ ದಿನವೂ ಹೇಳಲಿಲ್ಲ. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡು ಬಂದೆ.

ಕಳೆದ ವಾರ ಚಾವಡಿಯಲ್ಲಿ ಕುಟುಂಬದವರೆಲ್ಲ ಸೇರಿದ್ದಾಗ ಎದ್ದು ನಿಂತು ಹೇಳಿದೆ. ದೊಡ್ಡ ಮಾವ ಈಗಿಲ್ಲ, ನನ್ನ ತಾಯಿಗೆ ಕಿವಿ ಕೇಳುವುದಿಲ್ಲ. ಉಳಿದವರು ನನ್ನ ಮುಖ ನೋಡಿದರು. “ಈಗ ಎಂತಕ್ಕೆ ಅದೆಲ್ಲ ಮಾರಾಯ” ಎಂದು ಒಬ್ಬ ಎಲೆಪೆಟ್ಟಿಗೆ ಈಚೆಗೆ ದೂಡಿದ. ಸರಿಯೇ. ಊರು ಸೂರೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದವನು ನಾನು. ಅವರಿಗೆ ಅದು ಹಳೆಯ ಮರದ ಮಾತು. ಕೇಳಬೇಕಾದವಳು ಅಲ್ಲಿರಲಿಲ್ಲ.

ಅದಕ್ಕೆ ನಿನಗೆ ಹೇಳುತ್ತಿದ್ದೇನೆ. ಕ್ಷಮಿಸು ಎಂದು ಕೇಳುವುದಿಲ್ಲ, ಕೇಳುವ ಮುಖ ನನಗಿಲ್ಲ. ಇನ್ನು ನನ್ನನ್ನು ಭಾವ ಎಂದು ಕರೆಯಬೇಕಾಗಿಯೂ ಇಲ್ಲ. ನಿನ್ನ ಅಮ್ಮನಿಗೆ ಹೇಳುವ ದಾರಿ ನಾನೇ ಮುಚ್ಚಿದೆ, ಅದು ನನ್ನ ಜೊತೆಗೇ ಸುಡಲಿ. ಆದರೆ ಈ ಆಟಿಯಲ್ಲಿ ಬಡಿಸುವಾಗ ಇನ್ನೊಂದು ಎಲೆ ಹಾಕು. ನಮ್ಮ ಮನೆಯಲ್ಲಿ ವರ್ಷ ವರ್ಷ ಬಡಿಸಿದ್ದೇವೆ, ಅವರು ಬಂದಿರಲಿಕ್ಕಿಲ್ಲ. ಅವರು ನಮ್ಮವರಲ್ಲ, ಗಿರಿಜಾ. ನಿಮ್ಮವರು.