ತಡವಾಗಿ ತಲುಪುವ ಮಾತು

ಅವಳು ಕಿವಿಯಂತ್ರ ತಯಾರಿಸುವ ಸಣ್ಣ ಕಂಪನಿಯಲ್ಲಿ ಡ್ರೈವರ್ ಬರೆಯುತ್ತಾಳೆ. ಮೈಕಿಗೆ ಬಿದ್ದ ದನಿಯನ್ನು ಕಿವಿಯವರೆಗೆ ದಾಟಿಸುವ ಪ್ರೋಗ್ರಾಂ ಅದು. ಮನೆಯಲ್ಲಿ ಆ ಕೆಲಸವೇನೆಂದು ಕೇಳಿದವರು ಅತ್ತೆ ಒಬ್ಬರೇ. ಅವರ ಕಿವಿ ಮಂದವಾಗಿ ವರ್ಷಗಳಾಗಿದ್ದವು. ಹಾಗಾಗಿ ಬಟ್ಟಲುಗಳನ್ನು ದುಂಡಗೆ ಜೋಡಿಸಿ ತೋರಿಸಿದ್ದಳು. ಒಂದು ಕೈ ಒಂದೊಂದಕ್ಕೇ ಕಾಳು ಹಾಕುತ್ತ ಹೋಗುತ್ತದೆ, ಇನ್ನೊಂದು ಕೈ ಹಿಂದಿನಿಂದ ಖಾಲಿ ಮಾಡುತ್ತ ಬರುತ್ತದೆ. ಕೊನೆಯ ಬಟ್ಟಲು ಮುಗಿದರೆ ಮತ್ತೆ ಮೊದಲನೆಯದು. ಕಾಳಿನ ಜಾಗದಲ್ಲಿ ದನಿಯಿದ್ದರೆ ಇದೇ ಸರ್ಕ್ಯುಲರ್ ಬಫರ್.

"ಮುಗಿಯೋದೇ ಇಲ್ಲ ಅನ್ನು. ನಮ್ಮ ಅಡುಗೆಮನೆ ಥರ," ಎಂದಿದ್ದರು ಅತ್ತೆ.

ಹೊಸ ಯಂತ್ರದಲ್ಲಿ ಮೊದಮೊದಲು ಕರಕರ ಸದ್ದು ಬರುತ್ತಿತ್ತು. ಖಾಲಿ ಮಾಡುವ ಕೈ ಹಿಂದೆ ಬಿದ್ದಾಗಲೆಲ್ಲ ದನಿ ಚೆಲ್ಲಿಹೋಗುತ್ತಿತ್ತು. ಅವಳು ಬಟ್ಟಲುಗಳನ್ನು ಹೆಚ್ಚಿಸಿದಳು. ಸದ್ದು ನಿಂತಿತು. ಬಟ್ಟಲುಗಳು ತುಂಬುವವರೆಗೆ ಖಾಲಿ ಮಾಡುವ ಕೈ ಮಲಗಿರಬಹುದಾದ್ದರಿಂದ ಬ್ಯಾಟರಿಯೂ ಹೆಚ್ಚು ಹೊತ್ತು ಬಂತು. ಮ್ಯಾನೇಜರ್ ಖುಷಿಯಾದ. ಪರೀಕ್ಷೆಗೆಂದು ಒಂದನ್ನು ಅತ್ತೆಗೆ ತಂದು ತೊಡಿಸಿದಳು.

ಅಂದು ಊಟದ ಮೇಜಿನಲ್ಲಿ ಮೊಮ್ಮಗಳ ತಮಾಷೆಗೆ ಎಲ್ಲರೂ ನಕ್ಕರು. ನಗು ನಿಂತ ಮೇಲೆ ಅತ್ತೆ ಒಬ್ಬರೇ ನಕ್ಕರು. ಏನೇ ಕೇಳಿದರೂ ಅವರ ಉತ್ತರ ಬರುವಷ್ಟರಲ್ಲಿ ಮಾತು ಬೇರೆಡೆ ಹೊರಳಿರುತ್ತಿತ್ತು.

"ಅಮ್ಮಂಗೆ ಈಗ ತಲೆನೂ ನಿಧಾನ," ಎಂದ ಅವಳ ಗಂಡ, ಪ್ರೀತಿಯಿಂದಲೇ.

ಆ ಮಾತೂ ಒಂದು ಗಳಿಗೆ ತಡೆದು ತಲುಪಿತು. ಅತ್ತೆ ಯಂತ್ರ ತೆಗೆದು ತಟ್ಟೆಯ ಪಕ್ಕ ಇಟ್ಟರು. "ಇಷ್ಟು ದಿನ ಕಿವುಡಿ ಆಗಿದ್ದೆ. ಇದನ್ನ ಹಾಕ್ಕೊಂಡು ದಡ್ಡಿ ಆದೆ. ಕಿವುಡೇ ವಾಸಿ ಕಣೇ. ನಾಳೆಯಿಂದ ನನ್ನ ತಟ್ಟೆ ರೂಮಿಗೇ ಕೊಟ್ಬಿಡು."

ಅವಳಿಗೆ ತನ್ನ ತಪ್ಪು ಹೊಳೆಯಿತು. ಆಫೀಸಿನಲ್ಲಿ ಯಂತ್ರ ತೊಟ್ಟವರೆಲ್ಲ ಒಬ್ಬೊಬ್ಬರೇ ಕೂತು ರೆಕಾರ್ಡಿಂಗ್ ಕೇಳಿದ್ದರು. ನೋಡಲು ಎದುರಿಗೆ ತುಟಿಗಳಿರಲಿಲ್ಲ, ಉತ್ತರಕ್ಕೆ ಕಾಯುವವರಿರಲಿಲ್ಲ. ಮಾತು ಅಷ್ಟೂ ಬಟ್ಟಲುಗಳಲ್ಲಿ ಸರದಿಗೆ ಕಾದು ಕೂತದ್ದು ಯಾರಿಗೂ ತಿಳಿದಿರಲಿಲ್ಲ. ಪಾತ್ರೆ ರಾಶಿ ಬೀಳುವ ಮೊದಲೇ ತೊಳೆದಿಡುವುದು ಆ ಮನೆಯ ಇಬ್ಬರು ಹೆಂಗಸರ ಕೈಗೂ ರೂಢಿ. ಖಾಲಿ ಮಾಡುವ ಕೈಯಾದ ಪ್ರೊಸೆಸರ್‌ಗೆ ಮಾತ್ರ ಅವಳು ಮನೆಯ ಗಂಡಸಿಗೆ ಸಿಗುವಷ್ಟು ನಿದ್ದೆ ಕೊಟ್ಟಿದ್ದಳು.

ಮರುದಿನ ಆಫೀಸಿನಲ್ಲಿ ಬಟ್ಟಲು ಕಡಿಮೆ ಮಾಡಿದಳು. ಖಾಲಿ ಮಾಡುವ ಕೈ ಮೇಲಿಂದ ಮೇಲೆ ಏಳುವಂತೆ ಬರೆದಳು. ಸಂಜೆ ಅತ್ತೆಯ ಮಂಚದ ಅಂಚಿನಲ್ಲಿ ಕೂತು, ತಾನೇ ಅವರ ಕಿವಿಗೆ ತೊಡಿಸಿದಳು.

"ಇದೊಂದು ಸಲ ಅತ್ತೆ. ಆದ್ರೆ ಮಲಗೋ ಹೊತ್ತಿಗೆ ಚಾರ್ಜ್ ಮುಗಿದುಹೋಗುತ್ತೆ."

"ಮುಗೀಲಿ ಬಿಡು. ಆಮೇಲೆ ಕೇಳೋಕೇನಿದೆ, ನಿನ್ನ ಗಂಡನ ಗೊರಕೆ ತಾನೇ?"

ಮೇಜಿನಲ್ಲಿ ಅತ್ತೆ ಅಳುಕುತ್ತಲೇ ಕೂತರು. ಮಗ ಫೋನಿನಿಂದ ತಲೆಯೆತ್ತದೆ, "ಒಂದ್ ಲೋಟ ನೀರು," ಎಂದ. ಆಗಷ್ಟೇ ಕೂತಿದ್ದ ಅವಳು ಅರ್ಧ ಎದ್ದಳು.

"ಕೂತ್ಕೊಳ್ಳೇ. ನೀರಿನ ಜಗ್ಗು ಅವನ ಮೊಣಕೈ ಹತ್ರಾನೇ ಇದೆ," ಎಂದರು ಅತ್ತೆ.

ಮೊಮ್ಮಗಳು ಕಿಸಕ್ಕನೆ ನಕ್ಕಳು.

"ಅಲ್ಲಮ್ಮಾ, ನಂಗೆ ಇವತ್ತು..."

"ಸುಸ್ತು, ಗೊತ್ತು. ಅವಳಿಗೂ ಆಗಿದೆ."

ಮಗನ ಮಾತು ಮುಗಿಯುವ ಮೊದಲೇ ಅತ್ತೆ ಅಡ್ಡ ಬಾಯಿ ಹಾಕಿದ್ದರು. ಅವಳು ಮತ್ತೆ ಕೂತಳು. ಅನ್ನ ಇನ್ನೂ ಬಿಸಿಯಿತ್ತು.