ನಜ್ರಾನ್ ದಾರಿಯ ತುಕ್ಕು ಬಣ್ಣದ ತೊರೆ

ಅರಬ್ ನಾಡಿನ ನಜ್ರಾನಿಗೆ ಹೋಗುವಾಗ ಇಳಿಹೊತ್ತಿನ ಅಸರ್ ನಮಾಜಿಗೆಂದು ಯಜಮಾನರು ಕಾರು ನಿಲ್ಲಿಸಿದರು. ಮೊನ್ನೆ ಮಳೆಯಾಗಿ ತೊರೆ ಹರಿಯುತ್ತಿತ್ತು, ಅಲ್ಹಮ್ದುಲಿಲ್ಲಾಹ್. ನಮಾಜಿಗೆ ಮುನ್ನ ಕೈಕಾಲು, ಮುಖ ತೊಳೆದು ವುಜೂ ಮಾಡಲು ಕೈಯದ್ದಿದರೆ ಬೆರಳಿಗೆ ತುಕ್ಕಿನ ಬಣ್ಣ ಹತ್ತಿತು. ಗುಡ್ಡದ ಗಣಿಯಲ್ಲಿ ಅಗೆದ ಮಣ್ಣನ್ನು ಲಾರಿಗಳು ದಂಡೆಯಲ್ಲೇ ಸುರಿಯುತ್ತಿದ್ದವು.

ಅಲ್ಲಿದ್ದ ಗಣಿಯ ಸೂಪರ್‌ವೈಸರ್, ನಮ್ಮ ಊರ ಕಡೆಯ ಪುತ್ತೂರಿನವ, ಬಾಟಲಿ ನೀರು ಕೊಟ್ಟ. "ತೊರೆಯದ್ದು ಮುಟ್ಬೇಡಿ ಅಕ್ಕ."

"ಕೆಳಗೆ ಆಡುಗಳು ಕುಡೀತಾ ಉಂಟಲ್ಲ, ಅವಕ್ಕೂ ಬಾಟ್ಲಿ ಕೊಡ್ತೀರಾ?"

"ನಾನೆಂತ ಮಾಡುದು? ಲಾರಿ ನಿಲ್ಲಿಸ್ಲಿಕ್ಕೆ ನನ್ನಿಂದ ಆಗುದಿಲ್ಲ."

ಆ ಬಾಟಲಿ ನೀರಿನಲ್ಲಿ ವುಜೂ ಮುಗಿಸಿ, ಲಾರಿ ಬರುವ ದಾರಿಯಲ್ಲೇ ನಮಾಜಿನ ಚಾಪೆ ಹಾಸಿ ನಿಂತೆ. ನಮಾಜಿನಲ್ಲಿರುವವರ ಎದುರು ಇಲ್ಲಿ ಯಾರೂ ಹಾಯುವುದಿಲ್ಲ. ಲಾರಿಗಳು ಒಂದರ ಹಿಂದೊಂದು ನಿಂತವು.

"ಬೇಗ ಮುಗಿಸು ಮಾರಾಯ್ತಿ," ಎಂದರು ತಮ್ಮದು ಮುಗಿಸಿ ಬಂದ ಯಜಮಾನರು.

ಸುಜೂದಿನಲ್ಲಿ ನೆಲಕ್ಕೆ ಹಣೆಯಿಟ್ಟ ನಾನು ಬೇಗ ಏಳಲಿಲ್ಲ.