ಬಲಗೈಯ ಮಗ

ಹೋದ ವಾರ ರಕ್ತಪರೀಕ್ಷೆಗೆಂದು ಹೊಸಕೋಟೆಗೆ ಹೋಗಿದ್ದೆ. ಸೂಜಿ ಚುಚ್ಚುವ ಮೊದಲು ಅಲ್ಲಿನ ಹುಡುಗಿ ಸ್ಪಿರಿಟ್ ಹತ್ತಿಯಿಂದ ನನ್ನ ತೋಳು ಒರೆಸಿದಳು. ಆ ವಾಸನೆಗೆ ನಮ್ಮೂರಿನ ನರ್ಸಮ್ಮ ಎದುರಿಗೇ ಬಂದು ನಿಂತ ಹಾಗಾಯಿತು... ಮೊಮ್ಮಕ್ಕಳೇ, ನಿಮ್ಮ ತಿಪ್ಪೇಶಮಾವ ನಮ್ಮ ಪಾಲಿಗೆ ಹೇಗೆ ಉಳಿದ ಎಂಬುದು ನಿಮಗೆ ಗೊತ್ತಿಲ್ಲ. ಎದುರಿಗೆ ಕೂತು ಹೇಳಲು ನನಗೆ ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ.

ಸಮೇತನಹಳ್ಳಿ ಹತ್ತಿರದ ನನ್ನ ತವರೂರಿನಲ್ಲಿ ಕ್ರಿಶ್ಚಿಯನ್ನರೆಂದರೆ ನರ್ಸಮ್ಮ ಒಬ್ಬರೇ. ಪಕ್ಕದ ಮನೆ. ಹೆರಿಗೆಗೆ ಬಂದಿದ್ದ ನನ್ನ ಅಕ್ಕ ಗಂಡುಮಗು ಹೆತ್ತು ತೀರಿಕೊಂಡಾಗ ಅವಳ ಕೈ ಹಿಡಿದಿದ್ದವರು ಅವರೇ. ಅಕ್ಕನಿಗೆ ಮೊದಲು ಹುಟ್ಟಿದ ಮಕ್ಕಳೂ ಉಳಿದಿರಲಿಲ್ಲ. ಅಂಥ ಮನೆಯ ಕೂಸನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಮಲಗಿಸುವುದು ನಮ್ಮ ಕಡೆಯ ಪದ್ಧತಿ. ಯಾರಿಗೂ ಬೇಡದ ಕೂಸೆಂದು ಸಾವು ಮುಟ್ಟದೆ ಹೋಗಲಿ ಅಂತ. ಹೊರಗಿನವರೊಬ್ಬರು ಎತ್ತಿಕೊಳ್ಳಬೇಕು. ಕೂಸಿನ ಅಪ್ಪ ಒಂದು ಸೇರು ತೌಡು ಕೊಟ್ಟು, ಕೊಂಡವನಂತೆ ವಾಪಸ್ಸು ಪಡೆಯಬೇಕು. ಎತ್ತಿಕೊಳ್ಳಲು ಅವ್ವ ನರ್ಸಮ್ಮನನ್ನು ಕರೆದಳು.

ಅವರು ಎತ್ತಿಕೊಂಡರು. ಭಾವ ಮಾತ್ರ ಚಪ್ಪಲಿಯನ್ನೂ ಬಿಡದೆ ಬೀದಿಯಲ್ಲೇ ನಿಂತಿದ್ದರು. ತೌಡಿನ ಸೇರು ಅವರ ಕಾಲ ಬಳಿ ಹಾಗೇ ಇತ್ತು.

“ತಗೊಳಪ್ಪ,” ಅಂದರು ನರ್ಸಮ್ಮ.

“ಹೆತ್ತೋಳ್ನ ತಿಂದ್ಕೊಂಡ್ ಹುಟ್ಟೈತೆ,” ಅಂದರು ಭಾವ. “ನಂಗ್ ಬೇಡ. ನೀವೇ ಇಟ್ಕಳಿ.”

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಬಾಗಿಲ ಹಿಂದಿದ್ದೆ. ಬಿಸಿಲು ಕೂಸಿನ ಮುಖಕ್ಕೆ ಹೊಡೆಯುತ್ತಿತ್ತು. ಭಾವ ತಿರುಗಿ ಹೊರಟುಬಿಟ್ಟರೆ ಅದಕ್ಕೆ ಅಪ್ಪನೂ ಇಲ್ಲ...

ನರ್ಸಮ್ಮ ದನಿ ಏರಿಸಲಿಲ್ಲ. “ನಮ್ ಬೈಬಲ್ಲಲ್ಲಿ ಒಬ್ಳು ತಾಯಿ ಹಿಂಗೇ ಹೆತ್ತು, ಸಾಯೋ ಹೊತ್ತಲ್ಲಿ ಮಗೂಗೆ ಬೆನೋನಿ ಅಂತ ಹೆಸ್ರಿಟ್ಲು. ಅವ್ರ ಹೀಬ್ರೂ ಮಾತಲ್ಲಿ ನನ್ನ ದುಃಖದ ಮಗ ಅಂತ. ಗಂಡಂಗೂ ಅವ್ಳಂದ್ರೆ ಪ್ರಾಣ ಕಣಪ್ಪ. ಆದ್ರೂ ಆ ಹೆಸ್ರು ಕೂಸಿನ ಮೇಲೆ ಉಳಿಯಕ್ಕೆ ಬಿಡ್ಲಿಲ್ಲ. ಬೆನ್ಯಾಮೀನ ಅಂದ. ಬಲಗೈಯ ಮಗ. ಬೆನೋನಿ ಅನ್ನೋದು ಇಡೀ ಬೈಬಲ್ಲಲ್ಲಿ ಅದೊಂದೇ ಕಡೆ ಬರೋದು. ಆಮೇಲೆ ಯಾರೂ ಅವನ್ನ ಹಂಗೆ ಕರೀಲಿಲ್ಲ.”

ಭಾವ ಕೂಸಿನ ಕಡೆ ನೋಡಿದರು.

“ಬೇಗ ಹೇಳಪ್ಪ. ನನ್ ಕೋಳಿಗೆ ತೌಡು ಬೇಕು. ಕೈಯೂ ನೋಯ್ತಾ ಐತೆ.”

ಅವ್ವ ಅಳುತ್ತಲೇ ನಕ್ಕುಬಿಟ್ಟಳು. ಭಾವ ಚಪ್ಪಲಿ ಬಿಟ್ಟರು. ಬಗ್ಗಿ, ಸೇರನ್ನೆತ್ತಿ ನರ್ಸಮ್ಮನ ಮುಂದಿಟ್ಟರು. ಆಮೇಲೆ ಕೈ ಚಾಚಿದರು. ಕೂಸಿನ ತಲೆ ಅವರ ಬಲತೋಳಿನ ಮೇಲೆ ಸರಿಯಾಗಿ ಕೂತ ಮೇಲೆಯೇ ನರ್ಸಮ್ಮ ತಮ್ಮ ಕೈ ತೆಗೆದದ್ದು.

ಪದ್ಧತಿಯಂತೆ ತಿಪ್ಪೇಶ ಎಂದೇ ಹೆಸರಾಯಿತು. ಅವನು ಅಪ್ಪನ ಮನೆಯಿಂದ ರಜೆಗೆ ಬಂದಾಗಲೆಲ್ಲ ನರ್ಸಮ್ಮ ಮಾತ್ರ ಬೇಲಿಯಾಚೆಯಿಂದ, “ಲೋ ಬೆನ್ಯಾಮೀನ, ನಿನ್ ತೌಡು ತಿಂದ ಕೋಳಿ ಇನ್ನೂ ಮೊಟ್ಟೆ ಇಡ್ತಾ ಐತೆ ಕಣೋ!” ಎಂದು ಕೂಗುತ್ತಿದ್ದರು.

ಅವರು ಹೋಗಿ ಎಷ್ಟೋ ವರ್ಷವಾಯಿತು. ಆ ಮನೆಯಿದ್ದ ಕಡೆ ಈಗ ಗೋಡೌನು... ರಕ್ತ ಕೊಟ್ಟು ಹೊರಗೆ ಬಂದಾಗ ತಿಪ್ಪೇಶ ಮೆಟ್ಟಿಲ ಬಳಿ ಕಾಯುತ್ತಿದ್ದ. ತಲೆ ಪೂರ್ತಿ ನೆರೆತಿದೆ. ಬೆನ್ಯಾಮೀನ ಎಂದು ಕರೆಯೋಣವೆಂದು ತುಟಿಯವರೆಗೂ ಬಂತು. ಆಗಲಿಲ್ಲ. ಅದು ಅವರು ಕರೆಯುತ್ತಿದ್ದ ಹೆಸರು, ಇನ್ನು ಕರೆಯುವವರಿಲ್ಲ. ಅವನು ಕೈ ಚಾಚಿದ. ಹಿಡಿದುಕೊಂಡು ಇಳಿದೆ.